ಚಾಚಿದ ಅಂಗೈ

ಆವತ್ತು ಬೆಳಿಗ್ಗೆ ಮಸ್ಕಿಯ ಗುಡ್ಡ ತನ್ನ ಜಾಗದಲ್ಲಿ ಇರಲಿಲ್ಲ. ಹುಬ್ಬಿ ನಕ್ಷತ್ರದ ಮಳೆ ಸುರಿಯಬೇಕಾದ ದಿನಗಳಲ್ಲಿ ಮಳೆಯ ಬದಲು ಮಂಜು ಬಂದಿತ್ತು. ಖಾತೂನ್‌ಬೀ ನಸುಕಿನ ಫಜರ್ ನಮಾಜು ಮುಗಿಸಿ ಅಂಗಳಕ್ಕೆ ಬಂದು ನೋಡಿದರೆ, ಎದುರುಮನೆಯ ಬೇವಿನ ಮರಕ್ಕೆ ಬೊಡ್ಡೆಯಷ್ಟೇ ಉಳಿದಿತ್ತು, ತಲೆ ಇರಲಿಲ್ಲ. ಎಲೆ ಅಲುಗುವಷ್ಟೂ ಗಾಳಿಯಿಲ್ಲ. ಗೂಡಿನ ಬಾಗಿಲು ತೆಗೆದರೂ ಕೋಳಿಗಳು ಹೊರಗೆ ಬಾರದೆ ಒಂದರ ಮೈಗೊಂದು ಅಂಟಿ ನಿಂತಿದ್ದವು. ಎಲ್ಲೋ ಬಸ್ಸೊಂದು ಹಾರ್ನು ಹೊಡೆಯಿತು. ಅದು ಸಿಂಧನೂರು ರಸ್ತೆಯದೋ ಲಿಂಗಸುಗೂರು ರಸ್ತೆಯದೋ ಗೊತ್ತಾಗಲಿಲ್ಲ. "ಯಾ ಅಲ್ಲಾ, ನಿನ್ನ ಪರದೆ ನಿನಗ ಗೊತ್ತು," ಎಂದುಕೊಂಡು ಆಕೆ ರೊಟ್ಟಿಗೆ ಎಸರಿಡಲು ಒಳಗೆ ಹೋದಳು.

ಆ ಮಂಜಿನಲ್ಲೇ ಸೊಸೆ ವಸೀಮಾ ಬುತ್ತಿ ಕಟ್ಟಿಕೊಂಡು ಬಸ್ಸಿಗೆ ನಡೆದಳು. ಲಿಂಗಸುಗೂರಿನ ಆಚೆಗಿನ ಒಂದು ಹಳ್ಳಿಯ ಸರಕಾರಿ ಶಾಲೆಯಲ್ಲಿ ಆಕೆ ಅತಿಥಿ ಶಿಕ್ಷಕಿ. ಮಗ ಮುಜಾಹಿದ್ ಪಂಪಿನ ಮೋಟಾರು ಸುತ್ತುವ ತನ್ನ ಅಂಗಡಿಗೆ ಹೋದ. ಮನೆಯಲ್ಲಿ ಉಳಿದವರು ಖಾತೂನ್‌ಬೀ, ನೆಗಡಿಯಾಗಿ ಶಾಲೆ ತಪ್ಪಿಸಿದ್ದ ಮೊಮ್ಮಗಳು ಕೌಸರ್, ಮತ್ತೆ ಯಜಮಾನರು ಜಿಲಾನಿಸಾಬ್. ಜಿಲಾನಿಸಾಬರು ಆ ಸೀಮೆಯಲ್ಲಿ ಆಯುಷ್ಯವೆಲ್ಲ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಊರಿಗೆ ಅವರು ಇವತ್ತಿಗೂ 'ಬೆತ್ತದ ಸರ್'.

ಬಿಸಿಲು ಮೂಡುವ ಮೊದಲೇ ಬಾಗಿಲ ಮುಂದೆ ಕಾರು ನಿಂತ ಸಪ್ಪಳವಾಯಿತು.

"ಯಾರವರು?" ಎಂದರು ಜಿಲಾನಿಸಾಬ್ ಪಡಸಾಲೆಯಿಂದ.

ಹೊಸ್ತಿಲಲ್ಲಿ ನಿಂತಿದ್ದವನು ಅಮರಗುಂಡಪ್ಪ. ಸಿಂಧನೂರಿನಲ್ಲಿ ಅಕ್ಕಿ ಗಿರಣಿ ಇಟ್ಟವನು, ಐವತ್ತು ದಾಟಿದವನು, ಜಿಲಾನಿಸಾಬರ ಹಳೆಯ ಶಿಷ್ಯ. ಒಳಗಿನಿಂದ ದನಿ ಬಂದದ್ದೇ ತಡ, ಅವನ ಬಲಗೈ ಸೊಂಟದಿಂದೆದ್ದು ಅಂಗೈ ಮೇಲಾಗಿ ಮುಂದಕ್ಕೆ ಚಾಚಿಕೊಂಡಿತು. ಬೆರಳಲ್ಲಿ ಬಂಗಾರದ ಉಂಗುರ, ಅಂಗೈ ಮಾತ್ರ ಕೂಸಿನದರಂತೆ ನಡುಗುತ್ತಿತ್ತು. ಅವನೇ ಅದನ್ನು ನೋಡಿ, ಇನ್ನೊಂದು ಕೈ ಕೂಡಿಸಿ ನಮಸ್ಕಾರ ಮಾಡಿಕೊಂಡು, ಗಹಗಹಿಸಿ ನಕ್ಕ.

"ನೋಡಿದ್ರಿಲ್ಲೋ ಅಮ್ಮಾರ? ಇಷ್ಟ ವರ್ಷ ಆದ್ರೂ ಸರ್ ದನಿ ಕೇಳಿದ್ರ ಈ ಕೈ ನನ್ನ ಮಾತು ಕೇಳಂಗಿಲ್ಲ!"

"ಕೂಡಪ್ಪ, ಚಾ ಕುಡಿ," ಎಂದಳು ಖಾತೂನ್‌ಬೀ. ಆ ಅಂಗೈ ಆಕೆಗೆ ಯಾಕೋ ಸರಿ ಕಾಣಲಿಲ್ಲ.

ಹಳೆಯ ಹುಡುಗರೆಲ್ಲ ಕೂಡಿ ಸಿಂಧನೂರಿನಲ್ಲಿ ಗುರುವಂದನೆ ಇಟ್ಟುಕೊಂಡಿದ್ದರು. ವಾಟ್ಸಾಪಿನಲ್ಲಿ ಗುಂಪು ಮಾಡಿ, ಕಲ್ಯಾಣ ಮಂಟಪ ಹಿಡಿದು, ಅಡಿಗೆಯವರಿಗೂ ಹೇಳಿಯಾಗಿತ್ತು.

"ಒಂದ ಆಸೆ ಐತ್ರಿ ಸರ್. ಆ ಬೆತ್ತ ತಗೊಂಡು ಬರ್ರಿ. ಎಲ್ಲಾರೂ ಸಾಲು ಹಚ್ಚಿ ನಿಂತು ಒಂದೊಂದು ಏಟು ತಿಂತೀವಿ. ಫೋಟೋ ಹಿಡಸ್ತೀವಿ. ನಿಮ್ಮ ಏಟು ಬಿದ್ದದ್ದಕ್ಕ ನಾವು ಮನುಷ್ಯಾರಾದ್ವಿ."

ಜಿಲಾನಿಸಾಬರು ಹೆಂಡತಿಯ ಕಡೆ ನೋಡಿದರು.

"ರಿಟೈರಾದ ದಿನನ ನೀರೊಲಿಗೆ ಹಾಕೀನಿ," ಎಂದಳು ಖಾತೂನ್‌ಬೀ.

"ಅಯ್ಯೋ, ಎಂಥಾ ಕೆಲಸ ಮಾಡಿದ್ರಿ ಅಮ್ಮಾರ! ಇರ್ಲಿ ಬಿಡ್ರಿ, ಹೊಸಾದು ಮಾಡಸ್ತೀವಿ. ಬೆಳ್ಳಿ ಕಟ್ಟು ಹಾಕ್ಸಿ ಮಾಡಸ್ತೀವಿ."

"ನಿನ್ನ ಮೊಮ್ಮಗನೂ ಸಾಲಿಗೆ ಹೊಂಟಾನಲ್ಲ. ಅಲ್ಲಿ ಹೊಡಿತಾರೇನು?" ಎಂದು ಖಾತೂನ್‌ಬೀ ಕೇಳಿದಳು.

"ಹೊಡಿತಾರ? ಮುಟ್ಟಿದ್ರ ಸಾಲಿ ಬಾಗಿಲು ಹಾಕಸ್ತೀನ್ರಿ!" ಎಂದ ಅಮರಗುಂಡಪ್ಪ ಬಸಿಗೆ ಚಹಾ ಸುರಿದುಕೊಳ್ಳುತ್ತ. "ಆ ಕಾಲ ಬ್ಯಾರೆ, ಈ ಕಾಲ ಬ್ಯಾರೆ."

ಅವನು ಹೋದ ಮೇಲೆ ಖಾತೂನ್‌ಬೀ ಒಲೆಯ ಮುಂದೆ ಕೂತು ಆ ಹಳೆಯ ಬೆತ್ತವನ್ನು ನೆನೆದಳು. ಪ್ರತಿ ಗುರುವಾರ ಸಂಜೆ ಆ ಬೆತ್ತಕ್ಕೆ ಕುಸುಬಿ ಎಣ್ಣೆ ಸವರಿ, ಸೀಳಬಾರದೆಂದು ಒಲೆಯ ಹೊಗೆಗೆ ಹಿಡಿಯುತ್ತಿದ್ದವಳು ಆಕೆಯೇ. ಅದು ಎಲ್ಲಿ ಬೀಳುತ್ತದೆ ಎಂದು ಆಗ ಒಮ್ಮೆಯೂ ಯೋಚಿಸಿರಲಿಲ್ಲ. ಬುತ್ತಿ ಕಟ್ಟಿದಂತೆ, ಅಂಗಿ ಒಗೆದಂತೆ, ಅದೂ ಒಂದು ಮನೆಗೆಲಸ.

ಸಂಜೆಯ ಬಸ್ಸಿಗೆ ಬಂದ ವಸೀಮಾ ಬುರ್ಖಾ ತೆಗೆಯದೆ ಗೋಡೆಗೆ ಒರಗಿ ಕೂತಳು. ಬುತ್ತಿಯ ಗಂಟು ಕಟ್ಟಿದ ಹಾಗೆಯೇ ಇತ್ತು.

"ಉಂಡಿಲ್ಲೇನ್ಬೇ?" ಎಂದಳು ಖಾತೂನ್‌ಬೀ.

"ಅಮ್ಮಾ, ನಾ ಇವತ್ತು ಒಬ್ಬ ಹುಡುಗನ್ನ ಹೊಡದೆ."

ರಾತ್ರಿಯ ಊಟಕ್ಕೆ ಎಲ್ಲರೂ ಕೂತಾಗ ಮಾತು ಪೂರ್ತಿ ಹೊರಬಂತು. ಹುಡುಗ ಲೆಕ್ಕ ತಪ್ಪು ಮಾಡಿದ್ದ. ಮೇಜಿನ ಹತ್ತಿರ ಕರೆದರೆ, ಈಕೆ ಬಾಯಿ ತೆಗೆಯುವ ಮೊದಲೇ ಕಣ್ಣು ಮುಚ್ಚಿ ಎಡಗೈ ಮುಂದೆ ಚಾಚಿ ನಿಂತುಬಿಟ್ಟ.

"ಕೈ ತಗಿ ಅಂದೆ. ತಗಿಲಿಲ್ಲ. ಮತ್ತ ಅಂದೆ. ಹಂಗ ನಿಂತ. ಇಡೀ ಕ್ಲಾಸು ಉಸಿರು ಹಿಡದು ನೋಡಾಕತ್ತಿತ್ತು. ಗೆರಿ ಎಳಿಯೋ ಸ್ಟೀಲ್ ಸ್ಕೇಲು ನನ್ನ ಕೈಯಾಗಿತ್ತು. ಆಮ್ಯಾಗ ಟಪ್ ಅಂತ ಸಪ್ಪಳ ಆತಮ್ಮಾ. ಯಾರು ಹೊಡದ್ರು ಅಂತ ನಾನ ಹೊಳ್ಳಿ ನೋಡಿದೆ."

ಸ್ಕೇಲಿನ ಅಂಚು ತಾಗಿ ಅಂಗೈ ಸೀಳಿತ್ತು. ರಕ್ತ ಬಂದಿತ್ತು. ಮಧ್ಯಾಹ್ನದೊಳಗೆ ಆ ಕೈಯ ಫೋಟೋ ಊರೆಲ್ಲ ಓಡಾಡಿ, ಸಂಜೆಗೆ ಹುಡುಗನ ಅಜ್ಜ ಶಿಕ್ಷಣ ಇಲಾಖೆಗೆ ದೂರು ಬರೆದುಕೊಟ್ಟಿದ್ದ.

ಜಿಲಾನಿಸಾಬರ ಮೀಸೆಯಲ್ಲಿ ನಗು ಸುಳಿಯಿತು. "ಒಂದ ಏಟಿಗೆ ದೂರು! ನಮ್ಮ ಕಾಲದಾಗ ತಾಯಿ ತಂದಿ ತಾವ ಬಂದು, ಇನ್ನೆರಡು ಹಾಕ್ರಿ ಸರ್ ಅಂತಿದ್ರು. ಹೋಗ್ಲಿ ಬಿಡು ಬೇಟಿ, ನೀನೂ ಈಗ ಮಾಸ್ತರ ಆದಿ."

"ನಗಬ್ಯಾಡ್ರಿ ಅಬ್ಬಾ," ಎಂದಳು ವಸೀಮಾ. "ನಾ ಖುಷಿಲೆ ಹೇಳಾಕತ್ತಿಲ್ಲ."

ಆಕೆಯ ದನಿಯಲ್ಲಿ ಹಳೆಯ ಜಗಳವೊಂದು ಕೂತಿತ್ತು. ಕೌಸರ್ ಎಡಚಿ. ಉಣ್ಣುವುದೂ ಬರೆಯುವುದೂ ಎಡಗೈಯಲ್ಲಿ. ಅದು ದೀನ್-ಧರ್ಮಕ್ಕೆ ಸಲ್ಲದ ಪದ್ಧತಿ ಎಂದು ಜಿಲಾನಿಸಾಬರು ಊಟದ ಹೊತ್ತಿನಲ್ಲಿ ಮೊಮ್ಮಗಳ ಎಡ ಮುಂಗೈಯನ್ನು ಎರಡು ಬೆರಳಿನಿಂದ ತಟ್ಟುತ್ತಿದ್ದರು. ಆಕೆಯ ಕೈ ಮುಟ್ಟಬೇಡಿ ಎಂದು ವಸೀಮಾ ಒಮ್ಮೆ ಎದುರಿಗೇ ಹೇಳಿದ್ದಳು. ಅಂದಿನಿಂದ ತಾಯಿ ಮಗಳ ತಾಟು ಈ ಮೂಲೆಗೆ, ಮುದುಕರ ತಾಟು ಆ ಮೂಲೆಗೆ.

"ಅಜ್ಜ ಯಾರಂತ?" ಎಂದು ಮುಜಾಹಿದ್ ಕೇಳಿದ.

"ಲಿಂಗಸುಗೂರಾಗ ಗಾದಿ ಹೊಲಿಯೋ ಅಂಗಡಿ ಐತಂತ. ರಹಮಾನಸಾಬ ಅಂತ. ಮೊದಲು ಮಸ್ಕಿಯವರಂತ."

ಮುಜಾಹಿದನ ಮುಖ ಅರಳಿತು. "ಮಸ್ಕಿಯವನಂದ್ರ ಅಬ್ಬಾನ ಕೈಯಾಗ ಕಲ್ತವನ ಇರಬೇಕು! ಅಬ್ಬಾ, ನೀವೊಂದು ಮಾತು ಹೇಳಿದ್ರ ಮುಗೀತು. ದೂರು ಹಿಂದಕ್ಕ ತಗೊಂತಾನ. ಈಕಿ ನೌಕರಿ ಉಳಿತೈತಿ."

ರೊಟ್ಟಿ ಮುರಿಯುತ್ತಿದ್ದ ಜಿಲಾನಿಸಾಬರ ಕೈ ಅಲ್ಲೇ ನಿಂತಿತು.

"ಎಷ್ಟೋ ಹುಡುಗರು ಕಲ್ತಾರ. ಯಾವ ರಹಮಾನನೋ. ನೆನಪಿಲ್ಲ," ಎಂದು ಅವರು ಕೈ ತೊಳೆದರು. ಕಾಳು ಚೆಲ್ಲುವುದು ಪಾಪವೆಂದು ಜೀವಮಾನವಿಡೀ ಹೇಳಿಕೊಂಡು ಬಂದವರ ತಾಟಿನಲ್ಲಿ ಅರ್ಧ ರೊಟ್ಟಿ ಹಾಗೆಯೇ ಉಳಿಯಿತು.

ವಿಚಾರಣೆ ಮುಗಿಯುವವರೆಗೆ ತರಗತಿಗೆ ಬರಬೇಡಿ ಎಂದು ವಸೀಮಾಳಿಗೆ ಫೋನು ಬಂತು. ಆಕೆ ಮನೆಯಲ್ಲಿ ಉಳಿದಳು. ಬೆಳಗಿದ ಪಾತ್ರೆಯನ್ನೇ ಮತ್ತೆ ಬೆಳಗುತ್ತಿದ್ದಳು. ಮುಜಾಹಿದ್ ಅಂಗಡಿಯಿಂದ ಬಂದಾಗಲೆಲ್ಲ ಒಂದೇ ಮಾತು ತೆಗೆಯುತ್ತಿದ್ದ.

"ಅಬ್ಬಾ, ನಾಳೆ ಹೋಗಿ ಬರೂಣೇನ್ರಿ? ಬೈಕಿನ ಮ್ಯಾಲ ಕರಕೊಂಡು ಹೋಗ್ತೀನಿ."

"ಮೊಣಕಾಲು ಹಿಡದೈತಿ."

"ಕಾರು ಮಾಡ್ತೀನಿ."

"ಸೊಸಿ ಸಲುವಾಗಿ ನನ್ನ ಕೈಯಾಗ ಕಲ್ತ ಶಾಗಿರ್ದನ ಮುಂದ ಕೈ ಮುಗಿಲೇನಲೇ ನಾನು?"

"ನಿಮ್ಮ ಮುಂದ ಎಲ್ಲಾರೂ ಕೈ ಚಾಚ್ಯಾರಲ್ಲ. ನೀವು ಒಮ್ಮೆ ಮುಗದ್ರ ಏನ್ ಸವದ್ಹೋಗ್ತೈತಿ?" ಎಂದು ಮುಜಾಹಿದ್ ಅಂದದ್ದಕ್ಕೆ ಜಿಲಾನಿಸಾಬರು ಎದ್ದು ಮಸೀದಿಗೆ ಹೋದರು. ನಮಾಜಿನ ಹೊತ್ತು ಇನ್ನೂ ಆಗಿರಲಿಲ್ಲ.

ಒಂದು ರಜೆಯ ದಿನ ಮಟಮಟ ಮಧ್ಯಾಹ್ನ. ಊರು ಬಾಯಿ ಮುಚ್ಚಿ ಮಲಗಿತ್ತು. ಖಾತೂನ್‌ಬೀ ಒಲೆಯ ಮೇಲಿನ ಬ್ಯಾಳಿ ತಿರುವುತ್ತಿದ್ದಳು. ಹಾಲಿನ ಚೊಂಬು ಹಿಡಿದು ಬಂದ ಕೌಸರ್ ಹೊಸ್ತಿಲು ಎಡವಿದಳು. ಚೊಂಬು ಉರುಳಿ ಹಾಲು ಅಡಿಗೆಮನೆ ತುಂಬ ಹರಿಯಿತು.

ಮಗು ಅಳಲಿಲ್ಲ. ಕಣ್ಣು ಮುಚ್ಚಿತು. ಎಡಗೈ ಮುಂದೆ ಬಂತು.

ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ಆ ಪುಟ್ಟ ಅಂಗೈ ಬಿಳಿಚಿ ಕಾಣುತ್ತಿತ್ತು. ಅದು ಏನನ್ನೋ ಕೇಳುತ್ತಿತ್ತು. ಚಾಚಿದ ಕೈಯನ್ನು ಬರಿದಾಗಿ ಕಳಿಸಿ ಖಾತೂನ್‌ಬೀಗೆ ರೂಢಿಯಿಲ್ಲ; ಬಾಗಿಲಿಗೆ ಬಂದ ಫಕೀರನಿಗೆ ಹಿಡಿ ಜೋಳವನ್ನಾದರೂ ಹಾಕಿಯೇ ಕಳಿಸುವವಳು. ಆಕೆ ಆ ಅಂಗೈಯನ್ನು ನೋಡಿದಳು. ನೋಡುತ್ತಿದ್ದಂತೆ ತನ್ನ ಬಲಗೈ ಹಗುರಾದಂತೆ ಅನಿಸಿತು. ಸೌಟು ಒಲೆಯಿಂದ ಎದ್ದು ಭುಜದ ಮಟ್ಟಕ್ಕೆ ಬಂದಿತ್ತು. ಅದರಿಂದ ಕುದಿಯುವ ಬ್ಯಾಳಿ ತೊಟ್ಟಿಕ್ಕಿ ತನ್ನ ಮುಂಗೈ ಸುಟ್ಟಾಗಲೇ ಆಕೆಗೆ ಎಚ್ಚರವಾದದ್ದು.

"ಲಾಹೌಲ್!" ಎಂದು ಚೀರಿ ಸೌಟು ಬಿಸಾಕಿದಳು. ಮೊಮ್ಮಗಳ ಕೈಯನ್ನು ಹಿಡಿದು ಮಡಿಚಿ ಎದೆಗೆ ಒತ್ತಿಕೊಂಡಳು. "ಯಾರು ಕಲಿಸಿದ್ರು ನಿನಗ ಇದನ್ನ? ಯಾರರ ಹೊಡದಾರೇನು? ಸಾಲ್ಯಾಗ? ದಾದಾ?"

"ಇಲ್ಲ ದಾದಿ. ಯಾರೂ ಹೊಡದಿಲ್ಲ." ಮಗು ಬೆರಗಿನಿಂದ ನೋಡಿತು. "ಪ್ಯಾಟ್ಯಾಗ ದಾದಾನ್ನ ನೋಡಿ ಎಲ್ಲಾರೂ ಹಿಂಗ ಮಾಡ್ತಾರಲ್ಲ."

ಬಚ್ಚಲ ಬಾಗಿಲಲ್ಲಿ ವಸೀಮಾ ನಿಂತಿದ್ದಳು. ಅತ್ತೆಯ ಎತ್ತಿದ ಕೈಯನ್ನು ಆಕೆ ನೋಡಿದ್ದಳು. ಬಂದು, ಕುಳಿತು, ಹಾಲು ಒರೆಸತೊಡಗಿದಳು. ಇಬ್ಬರೂ ಒಂದೇ ಅರಿವೆಯಿಂದ ಒರೆಸಿದರು.

ಮುಂದಿನ ಸಂತೆಯ ದಿನ ಖಾತೂನ್‌ಬೀ ಗಂಡನ ಹಿಂದೆ ತಾನೂ ಹೊರಟಳು.

"ನೀ ಯಾಕಬೇ?" ಎಂದರು ಜಿಲಾನಿಸಾಬ್.

"ಬದನಿಕಾಯಿ ನಾನ ಆರಿಸ್ಕೊಂತೀನಿ. ನೀವು ತಂದದ್ದರಾಗ ಬರೇ ಹುಳ."

ಸಂತೆಯಲ್ಲಿ ಆಕೆ ಬದನೆಕಾಯಿ ನೋಡಲಿಲ್ಲ, ಕೈಗಳನ್ನು ನೋಡಿದಳು. ತಕ್ಕಡಿ ಹಿಡಿದಿದ್ದ ಉಳ್ಳಾಗಡ್ಡಿಯವನು ಜಿಲಾನಿಸಾಬರನ್ನು ಕಂಡೊಡನೆ ತಕ್ಕಡಿ ಇಳಿಸಿದ. ಅವನ ಬಲಗೈ ತೊಡೆಯ ಪಕ್ಕದಲ್ಲಿ ಮೆಲ್ಲಗೆ ಮೇಲ್ಮೊಗವಾಗಿ ತೆರೆಯಿತು. ಸೈಕಲ್ಲಿನ ಟ್ಯೂಬಿಗೆ ತ್ಯಾಪೆ ಹಚ್ಚುತ್ತಿದ್ದ ಕನಕರಾಯ ಎದ್ದು ನಿಂತ. ಎಣ್ಣೆ ಮೆತ್ತಿದ ಅಂಗೈ ತೆರೆಯಿತು. ಕಿರಾಣಿ ಅಂಗಡಿಯ ಮೆಟ್ಟಿಲ ಮೇಲೊಂದು, ಚಹಾದ ಗಾಡಿಯ ಹತ್ತಿರ ಇನ್ನೊಂದು. ಬಾಯಲ್ಲಿ ನಗು, "ಆರಾಮೇನ್ರಿ ಸರ್" ಎಂಬ ಮಾತು. ಕೆಳಗೆ ಮಾತ್ರ, ಅವರಿಗೇ ತಿಳಿಯದಂತೆ, ಒಂದೊಂದು ಅಂಗೈ ತೆರೆದು ಕಾಯುತ್ತಿತ್ತು. ಬಣ್ಣದ ಸೊಪ್ಪು, ಕುಂಬಳ, ಮೆಣಸಿನಕಾಯಿ ರಾಶಿಗಳ ನಡುವೆ ಆ ಖಾಲಿ ಕೈಗಳು ಬೇರೆ ಯಾವುದೋ ಸಂತೆಗೆ ಬಂದಂತಿದ್ದವು.

ಮನೆಗೆ ಬರುವಾಗ ಆಕೆ ಕೇಳಿದಳು, "ಅದು ಏನ್ರಿ, ಎಲ್ಲಾರೂ ಮಾಡೋದು?"

"ಮರ್ಯಾದಿ."

"ಮರ್ಯಾದಿಗೆ ಅಂಗೈ ಯಾಕ್ರಿ ನಡಗತೈತಿ?"

ಜಿಲಾನಿಸಾಬರು ಕುಂಟುತ್ತ ಮುಂದೆ ನಡೆದರು. ಅವರ ಮೊಣಕಾಲಿನ ನೋವು ಅಂದು ಇನ್ನೂ ಜೋರಾಗಿತ್ತು.

ಗುರುವಂದನೆಗೆ ವಸೀಮಾ ಬರಲಿಲ್ಲ. ಮುಜಾಹಿದನೂ ಅಂಗಡಿಯ ನೆಪ ಹೇಳಿದ. ಅಮರಗುಂಡಪ್ಪನ ಕಾರಿನಲ್ಲಿ ಜಿಲಾನಿಸಾಬರು, ಖಾತೂನ್‌ಬೀ, ಹಟ ಹಿಡಿದ ಕೌಸರ್ ಮೂವರೇ ಸಿಂಧನೂರಿಗೆ ಹೋದರು. ದಾರಿಯುದ್ದಕ್ಕೂ ಕಾಲುವೆ ನೀರು ನಿಂತ ಗದ್ದೆಗಳಲ್ಲಿ ನಾಟಿ ಮುಗಿದು ಹಸಿರು ಅಲುಗದೆ ನಿಂತಿತ್ತು.

ಮಂಟಪದಲ್ಲಿ ಗೋಧಿಹುಗ್ಗಿಯ ಘಮ. ಶಾಲು, ಹಾರ, ಹಣ್ಣಿನ ಬುಟ್ಟಿ. ಭಾಷಣ ಮಾಡಿದವರೆಲ್ಲ ತಮಗೆ ಬಿದ್ದ ಏಟುಗಳನ್ನೇ ಹೊಗಳಿದರು. ಒಬ್ಬ ಮೊಣಕಾಲಿನ ಗಾಯದ ಕಲೆಯನ್ನು ಪ್ಯಾಂಟು ಎತ್ತಿ ತೋರಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಕೊನೆಗೆ ಅಮರಗುಂಡಪ್ಪ ಬೆಳ್ಳಿ ಕಟ್ಟಿನ ಹೊಸ ಬೆತ್ತವನ್ನು ತಾಟಿನಲ್ಲಿಟ್ಟು ತಂದ.

ಜಿಲಾನಿಸಾಬರು ಅದನ್ನು ಎತ್ತಿಕೊಂಡರು. ಬಾಗಿದ ಬೆನ್ನು ನೆಟ್ಟಗಾಯಿತು. ಮೊಣಕಾಲಿನ ನೋವು ಎಲ್ಲಿ ಹೋಯಿತೋ.

ಮಂದಿ ಸಾಲು ಹಚ್ಚಿದರು. ಗಿರಣಿಯವರು, ವಕೀಲರು, ಗುಮಾಸ್ತರು, ಹೊಟ್ಟೆ ಬಂದವರು, ತಲೆ ನೆರೆತವರು. ಬಲಗೈ ಮುಂದೆ, ಎಡಗೈಯಲ್ಲಿ ಮೊಬೈಲು. ಮೊದಲನೆಯ ಏಟಿಗೆ ನಗೆಯ ಹೊನಲು. ಎರಡನೆಯದಕ್ಕೂ. ಬರಬರುತ್ತ ನಗೆ ತೆಳುವಾಯಿತು. ಬೆತ್ತ ಗಾಳಿಯನ್ನು ಸೀಳಿಕೊಂಡು ಬರುವ ಸಪ್ಪಳ ಬದಲಾಗಿತ್ತು. ಏಟು ತಿಂದವರು ಫೋಟೋ ನೋಡಿಕೊಳ್ಳುವುದು ಬಿಟ್ಟು, ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಹುಡುಗರ ಹಾಗೆ ಗೋಡೆಯ ಪಕ್ಕಕ್ಕೆ ಹೋಗಿ ನಿಲ್ಲತೊಡಗಿದರು. ಯಾರೂ ಹೇಳದಿದ್ದರೂ ಎತ್ತರದ ಪ್ರಕಾರ ನಿಂತಿದ್ದರು.

ಸಾಲು ಮುಗಿಯಿತು. ಜಿಲಾನಿಸಾಬರು ಬೆತ್ತ ಇಳಿಸಲಿಲ್ಲ.

"ಇನ್ನೊಬ್ಬ ಅದಾನ," ಎಂದರು. "ಎಡಗೈ. ಎಡಗೈ ತೋರಿಸು, ರಹಮಾನ."

ಖಾತೂನ್‌ಬೀಯ ಪಕ್ಕದ ಕುರ್ಚಿ ಖಾಲಿಯಿತ್ತು. ಕೌಸರ್ ಯಾವಾಗ ಎದ್ದು ಹೋದಳೋ. ವೇದಿಕೆಯ ಕೆಳಗೆ, ಸಾಲಿನ ಕೊನೆಯವಳಾಗಿ, ಕಣ್ಣು ಮುಚ್ಚಿ, ಎಡಗೈ ಚಾಚಿ ಆಕೆ ನಿಂತಿದ್ದಳು. ಅಜ್ಜನ ಕಣ್ಣುಗಳು ತೆರೆದೇ ಇದ್ದವು. ಆ ಕಣ್ಣಿಗೆ ಮೊಮ್ಮಗಳು ಕಾಣುತ್ತಿರಲಿಲ್ಲ. ಬೆತ್ತ ಎದ್ದಿತು.

ಖಾತೂನ್‌ಬೀ ಹೇಗೆ ಅಷ್ಟು ದೂರ ಓಡಿದಳೋ, ಮೇಲಿನ ಆ ಮಾಲಿಕನಿಗೇ ಗೊತ್ತು. ಕೌಸರಳ ಅಂಗೈಯ ಮೇಲೆ ತನ್ನ ಅಂಗೈ ಮುಚ್ಚಿದ್ದೊಂದೇ ಆಕೆಗೆ ನೆನಪು. ಏಟು ಆಕೆಯ ಗೆಣ್ಣುಗಳ ಮೇಲೆ ಬಿತ್ತು.

ಹಿಂದೆ ಕೂತಿದ್ದ ಯಾರೋ ಇದೂ ಒಂದು ತಮಾಷೆಯೆಂದು ಚಪ್ಪಾಳೆ ತಟ್ಟಿದರು. ಆಮೇಲೆ ನಿಲ್ಲಿಸಿದರು.

ಜಿಲಾನಿಸಾಬರು ಹೆಂಡತಿಯ ಕೈ ನೋಡಿದರು. ಅದರ ಕೆಳಗಿನ ಪುಟ್ಟ ಕೈ ನೋಡಿದರು. ಬೆತ್ತವನ್ನು ತಾಟಿನಲ್ಲಿಟ್ಟು, "ಮನಿಗೆ ಹೋಗೂಣ," ಎಂದರು. ಊಟಕ್ಕೆ ಯಾರು ಎಷ್ಟು ಕರೆದರೂ ಕೂಡಲಿಲ್ಲ.

ಕಾರಿನಲ್ಲಿ ಅವರು ಕಣ್ಣು ಮುಚ್ಚಿ ಒರಗಿದರು. ನಿದ್ದೆಯೋ ಅಲ್ಲವೋ. ಮುಂದೆ ಕೂತ ಖಾತೂನ್‌ಬೀ ಕಾರು ಓಡಿಸುತ್ತಿದ್ದ ಅಮರಗುಂಡಪ್ಪನನ್ನು ಮೆಲ್ಲಗೆ ಕೇಳಿದಳು.

"ರಹಮಾನ ಅಂದ್ರ ಯಾರಪ್ಪ?"

"ಗಾದಿ ಹಿಂಜೋರ ಮಗ ಒಬ್ಬಿದ್ನಲ್ರಿ ಅಮ್ಮಾರ, ನಮ್ಮ ಕ್ಲಾಸಿನಾಗ. ಎಡಚ. ಸರ್ ಅವನ ಎಡಗೈಗೆ ಬಾಳ ಬಿಗೀತಿದ್ರು, ಬಲಗೈಲೆ ಬರೀಲಿ ಅಂತ. ಬರದ ಪಾಪ. ಚೊಲೋನ ಬರದ. ಆದ್ರ ಒಂದಿನ ಮಸೀದಿ ಮುಂದ ಏನಾತಂದ್ರ..." ಅಮರಗುಂಡಪ್ಪ ನಗಲು ಹೋದವನು ಕನ್ನಡಿಯಲ್ಲಿ ಗುರುವಿನ ಮುಖ ನೋಡಿ ದನಿ ಇಳಿಸಿದ. "ಸರ್ ಎದುರಿಗೆ ಬಂದ್ರು. ಇವ ಖುಷಿಲೆ ಜೋರಾಗಿ ಸಲಾಮ್ ಅಲೈಕುಮ್ ಸರ್ ಅಂದ. ಕೈ ಎತ್ತಿದ್ದು ಮಾತ್ರ ಎಡಗೈ. ಮರತು ಎತ್ತ್ಯಾನ. ಸರ್ ಮಾತಾಡಲಿಲ್ಲ. ಛತ್ರಿ ಕಾವಿಲೆ ಆ ಕೈ ಮ್ಯಾಲ ಒಂದು ಕೊಟ್ಟು ಹಂಗ ಹೊಂಟಹೋದ್ರು. ನಾವೆಲ್ಲಾ ನಕ್ಕಿವಿ. ಅವ ಕೈ ಇಳಸದ ಹಂಗ ನಿಂತಿದ್ದ, ಬಾಳ ಹೊತ್ತು. ಮರುದಿನದಿಂದ ಸಾಲಿಗೆ ಬರಲಿಲ್ಲ."

"ಜವಾಬು ಕೊಡಲಿಲ್ಲೇನು?" ಎಂದಳು ಖಾತೂನ್‌ಬೀ.

"ಯಾವ ಜವಾಬ್ರಿ?"

"ಸಲಾಮಿಗೆ."

"ಇಲ್ರಿ. ಹೊಡದ್ರು, ಹೋದ್ರು."

ಖಾತೂನ್‌ಬೀ ಹೊಳ್ಳಿ ಗಂಡನ ಕಡೆ ನೋಡಿದಳು. ಮುಚ್ಚಿದ ರೆಪ್ಪೆಗಳು ಅದುರುತ್ತಿದ್ದವು. ಗಂಡ ಬೆತ್ತ ಬೀಸಿದ್ದು ಆಕೆಗೆ ಹೊಸದಲ್ಲ. ಆದರೆ ಮುಸಲ್ಮಾನನಾದವನು ಇನ್ನೊಬ್ಬರು ಕೊಟ್ಟ ಸಲಾಮನ್ನು ತನ್ನ ಮೇಲೆ ಬಾಕಿ ಉಳಿಸಿಕೊಂಡು ಇಷ್ಟು ವರ್ಷ ಐದು ಹೊತ್ತು ನಮಾಜು ಮಾಡಿದ್ದು ಹೇಗೆ ಎಂಬುದು ಆಕೆಗೆ ಅರ್ಥವಾಗಲಿಲ್ಲ. ಶತ್ರುವಿನ ಸಲಾಮಿಗೂ 'ವ ಅಲೈಕುಮ್ ಅಸ್ಸಲಾಮ್' ಎಂದು ಜವಾಬು ಕೊಡಬೇಕು. ಅದನ್ನು ಮಕ್ಕಳಿಗೆ ಕಲಿಸಿದವರೇ ಇವರು.

ಆ ರಾತ್ರಿ ಮನೆಯಲ್ಲಿ ಆಕೆ ಎಲ್ಲರೆದುರು ಹೇಳಿದಳು. "ನೀವು ಲಿಂಗಸುಗೂರಿಗೆ ಹೋಗ್ರಿ. ಸೊಸಿ ಸಲುವಾಗಿ ಬ್ಯಾಡ. ನಿಮ್ಮ ಸಲುವಾಗಿ ಹೋಗ್ರಿ."

ಮುಜಾಹಿದ್ ಉತ್ಸಾಹದಿಂದ, "ನಾಡಿದ್ದ ವಿಚಾರಣಿ ಐತಿ ಅಬ್ಬಾ, ನಾಳೆನ ಹೋಗೂಣ," ಎಂದ.

"ನಾಳೆ ಹೋದ್ರ ದೂರಿನ ಸಲುವಾಗಿ ಬಂದ್ರು ಅಂತಾನ," ಎಂದರು ಜಿಲಾನಿಸಾಬ್.

"ಅನ್ನಲಿ! ಏನೀಗ?"

ಅವರು ಎದ್ದು ಹಾಸಿಗೆ ಹಾಸಿಕೊಂಡರು. ಮರುದಿನ ಲಿಂಗಸುಗೂರಿಗೆ ಹೋಗಲಿಲ್ಲ.

ವಿಚಾರಣೆಗೆ ವಸೀಮಾ, ಮುಜಾಹಿದ್ ಇಬ್ಬರೂ ಬೆಳಿಗ್ಗೆ ಹೋದವರು ಸಂಜೆಗೆ ತಿರುಗಿ ಬಂದರು. ಮುಜಾಹಿದ್ ಚಪ್ಪಲಿ ಕಳಚಿ ಗೋಡೆಗೆ ಒಗೆದ.

"ಸ್ಕೇಲು ಕೈಜಾರಿ ಬಿತ್ತು ಅನ್ನು ಅಂತ ದಾರಿತುಂಬ ಹೇಳೀನಿ ಅಮ್ಮಾ. ಅಲ್ಲಿ ಹೋಗಿ ಈಕಿ, ಹೊಡದೀನಿ ಅಂದ್ಲು! ನಾಳೆಯಿಂದ ಬರಬ್ಯಾಡ ಅಂದ್ರು. ಮುಗೀತು ನೌಕರಿ!"

"ಹೊಡದದ್ದು ಹೌದಲ್ಲ," ಎಂದಳು ವಸೀಮಾ. ಆಕೆಯ ದನಿ ಬಹಳ ದಿನದ ಮೇಲೆ ಸಮವಾಗಿತ್ತು. "ಜಾರಿ ಬಿತ್ತು ಅಂದ್ರ ಆ ಹುಡುಗ ತನ್ನ ಕೈನ ತಪ್ಪು ಅನ್ಕೊಂತಾನ."

"ಅಜ್ಜ ಬಂದಿದ್ನೇನು?" ಎಂದಳು ಖಾತೂನ್‌ಬೀ.

"ಬಂದಿದ್ದ. ಒಂದ ಮಾತು ಕೇಳಿದ. ಎಡಗೈಗೋ ಬಲಗೈಗೋ ಅಂತ. ಎಡಗೈಗೆ ಅಂದೆ. ಆಮ್ಯಾಗ ತನ್ನ ಕೈ ನೋಡ್ಕೋತ ಕುಂತ. ನಾ ಹೊರಗ ಬಂದು ಆ ಹುಡುಗನ ಮುಂದ ಕುಂತು, ತಪ್ಪಾತು ಬೇಟಾ ಅಂದೆ." ವಸೀಮಾ ನೀರು ಕುಡಿದಳು. "ಅವ ಮತ್ತ ಕೈ ಚಾಚಿದ, ಅಮ್ಮಾ. ಅಜ್ಜ ನೋಡ್ಕೋತ ನಿಂತಿದ್ದ."

ಊಟಕ್ಕೆ ಕೂತಾಗ ಜಿಲಾನಿಸಾಬರು ತಮ್ಮ ತಾಟು ಎತ್ತಿಕೊಂಡು ಆ ಮೂಲೆಯಿಂದ ಈ ಮೂಲೆಗೆ ಬಂದರು. ಮೊಮ್ಮಗಳು ಎಡಗೈಯಲ್ಲಿ ರೊಟ್ಟಿ ಮುರಿಯುವುದನ್ನು ನೋಡಿದರು. ನೀರಿನ ಲೋಟ ಆಕೆಯ ಬಲಕ್ಕಿತ್ತು. ಅದನ್ನು ಎತ್ತಿ ಎಡಕ್ಕೆ ಇಟ್ಟರು. ವಸೀಮಾ ರೊಟ್ಟಿಯ ಬುಟ್ಟಿಯನ್ನು ಮಾವನ ಕಡೆ ಸರಿಸಿದಳು.

"ನಾಳೆ ಜುಮ್ಮಾ ನಮಾಜು ಮುಗಿಸ್ಕೊಂಡು ಲಿಂಗಸುಗೂರಿಗೆ ಹೋಗಿಬರೂಣ," ಎಂದು ಅವರು ಖಾತೂನ್‌ಬೀಗೆ ಹೇಳಿದರು.

"ಈಗ ಹೋಗಿ ಏನ್ ಉಪಯೋಗ ಅಬ್ಬಾ?" ಮುಜಾಹಿದನ ದನಿ ಒಡೆದಿತ್ತು. "ಎಲ್ಲಾ ಮುಗದ ಮ್ಯಾಲ?"

"ಉಪಯೋಗ ಇಲ್ಲಂತನ ಹೊಂಟೀನಿ ಬೇಟಾ."

ಗಾದಿ ಅಂಗಡಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿತ್ತು. ದೂರದಿಂದಲೇ ಹತ್ತಿ ಹಿಂಜುವ ಯಂತ್ರದ ಮೊರೆತ ಕೇಳುತ್ತಿತ್ತು. ಓಣಿಯ ತಂತಿ, ಸೂರು, ಮಲಗಿದ ನಾಯಿಯ ಮೈ, ಎಲ್ಲದರ ಮೇಲೆ ಬಿಳಿಯ ಎಳೆಗಳು ಕೂತಿದ್ದವು. ಒಳಗೆ ಗೋಡೆಗಳೇ ಕಾಣುತ್ತಿರಲಿಲ್ಲ. ಹಾರುವ ಹತ್ತಿಯಲ್ಲಿ ಒಂದು ಆಕಾರ ಅಲುಗುತ್ತಿತ್ತು. ಹುಬ್ಬು ಬಿಳಿ, ರೆಪ್ಪೆ ಬಿಳಿ, ಮೂಗಿಗೆ ಬಿಗಿದ ಅರಿವೆ ಬಿಳಿ. ಆಗಷ್ಟೇ ಕಫನು ಹರಿದುಕೊಂಡು ಗೋರಿಯಿಂದ ಎದ್ದು ಬಂದವನಂತಿದ್ದ. ಖಾತೂನ್‌ಬೀ ಸೆರಗು ಬಾಯಿಗೆ ಒತ್ತಿಕೊಂಡು ದುವಾ ಹೇಳಿಕೊಂಡಳು.

ಆ ಮನುಷ್ಯ ಬಾಗಿಲ ಕಡೆ ನೋಡಿದ. ನೋಡುತ್ತಲೇ ಇದ್ದ. ಆಮೇಲೆ ಗುಂಡಿ ಒತ್ತಿದ. ಯಂತ್ರ ನಿಂತಿತು. ಸಪ್ಪಳ ಹೋದ ಮೇಲೂ ಬಿಳಿ ಎಳೆಗಳು ಗಾಳಿಯಲ್ಲಿ ತೂಗುತ್ತಿದ್ದವು.

"ಸರ್," ಎಂದ ರಹಮಾನಸಾಬ. "ಈಗ ನನ್ನ ಕೈಯಾಗ ಏನೂ ಇಲ್ರಿ. ಅವರು ಆರ್ಡರು ಮಾಡಿಬಿಟ್ಟಾರ."

"ನಾ ಅದಕ್ಕ ಬಂದಿಲ್ಲ."

ಆಗ ಆ ಹತ್ತಿಯ ಮಂಜಿನೊಳಗಿನಿಂದ ರಹಮಾನಸಾಬನ ಎಡಗೈ ಮೇಲೆದ್ದಿತು. ಮೆಲ್ಲಗೆ, ನೀರಿನೊಳಗಿನಿಂದ ತೇಲಿ ಬರುವ ವಸ್ತುವಿನಂತೆ. ಅಂಗೈ ಮೇಲಾಗಿ ಗುರುವಿನ ಮುಂದೆ ಬಂದು ನಿಂತಿತು. ಅವನ ಮುಖಕ್ಕೆ ಅದರ ಸುದ್ದಿಯೇ ಇರಲಿಲ್ಲ.

ಖಾತೂನ್‌ಬೀ ಗಂಡನ ಬಲಗೈ ನೋಡಿದಳು. ಅದರ ಬೆರಳುಗಳು ಖಾಲಿ ಗಾಳಿಯನ್ನು ಸುತ್ತಿ ಹಿಡಿಯುತ್ತಿದ್ದವು. ಮುಂಗೈಯ ನರ ಎದ್ದಿತ್ತು. ಆಕೆ ಒಂದು ಹೆಜ್ಜೆ ಮುಂದಿಟ್ಟಳು, ತಡೆದು ನಿಂತಳು. ಇದು ತಾನು ಅಡ್ಡ ಹೋಗುವ ಏಟಲ್ಲ.

ಜಿಲಾನಿಸಾಬರ ಕೈ ಎದ್ದಿತು. ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಆ ಕೈಯನ್ನು ಅವರು ತಂದು ತಮ್ಮ ಎದೆಯ ಮೇಲೆ ಇಟ್ಟುಕೊಂಡರು. ತಲೆ ಬಾಗಿಸಿದರು. ಮಸೀದಿಯಲ್ಲಿ ಪಕ್ಕದವನಿಗಷ್ಟೇ ಕೇಳಿಸುವ ದನಿಯಲ್ಲಿ ಹೇಳಿದರು:

"ವ ಅಲೈಕುಮ್ ಅಸ್ಸಲಾಮ್, ರಹಮಾನ್."